‘ಪ್ಲೀಸ್’ಗೆ ಸೇಡಂನಲ್ಲಿ ಏನನ್ನುತ್ತಾರೆ?

‘ಪ್ಲೀಸ್ ಗಿವ್ ಮಿ ಸಮ್ ವಾಟರ್.’ ಈ ಪುಟ್ಟ ವಾಕ್ಯವನ್ನು ಕನ್ನಡಕ್ಕೆ ತನ್ನಿ ಎಂದರೆ ಆರನೆಯ ತರಗತಿಯ ಹುಡುಗಿಯೂ ತಡವರಿಸದೆ ಬರೆಯುತ್ತಾಳೆ: ‘ದಯವಿಟ್ಟು ನನಗೆ ಸ್ವಲ್ಪ ನೀರನ್ನು ಕೊಡಿ.’ ಉತ್ತರ ಸರಿ, ಅಂಕವೂ ಪೂರ್ತಿ. ಆದರೆ ಬೇಸಿಗೆಯ ಮಟಮಟ ಮಧ್ಯಾಹ್ನ ಸೇಡಂನ ಯಾವ ಓಣಿಯಲ್ಲೇ ಆಗಲಿ, ಬಾಯಾರಿ ಬಂದವರು ಬಾಗಿಲಲ್ಲಿ ನಿಂತು ಹೀಗೆ ಕೇಳುವುದಿಲ್ಲ. ‘ಯಕ್ಕಾ, ಜರಾ ನೀರು ಕೊಡ್ರಿ’ ಎನ್ನುತ್ತಾರೆ. ಹಾಗಾದರೆ ‘ದಯವಿಟ್ಟು’ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ. ‘ಯಕ್ಕಾ’ ಎಂಬ ಕರೆಯಲ್ಲಿ ಸ್ವಲ್ಪ, ‘ಜರಾ’ದಲ್ಲಿ ಸ್ವಲ್ಪ, ಕೊನೆಯ ‘ರಿ’ಯಲ್ಲಿ ಉಳಿದಷ್ಟು ಅಡಗಿ ಕುಳಿತಿದೆ. ಇಂಗ್ಲಿಷಿನವರು ಒಂದು ಪದಕ್ಕೆ ವಹಿಸಿದ ಮರ್ಯಾದೆಯ ಕೆಲಸವನ್ನು ಕನ್ನಡದವರು ಕ್ರಿಯಾಪದದ ಬಾಲಕ್ಕೆ ವಹಿಸಿದ್ದಾರೆ, ಅಷ್ಟೇ.

ಇದು ಕನ್ನಡದ ಕೊರತೆ ಎಂದು ಯಾರೂ ತಿಳಿಯಬೇಕಾಗಿಲ್ಲ. ದೂರದ ಡೆನ್ಮಾರ್ಕ್ ದೇಶದ ಡೇನಿಷ್ ಭಾಷೆಯಲ್ಲಿಯೂ ‘ಪ್ಲೀಸ್’ಗೆ ಸರಿಸಮನಾದ ಒಂದೇ ಪದವಿಲ್ಲ. ಅಂಗಡಿಯಲ್ಲಿ ಕಾಫಿ ಕೇಳುವವರು ‘ಒಂದು ಕಾಫಿ’ ಎಂದು ಹೇಳಿ ಕೊನೆಗೆ ‘ಟಾಕ್’ ಎನ್ನುತ್ತಾರೆ. ‘ಟಾಕ್’ ಎಂದರೆ ಧನ್ಯವಾದ. ಕೊಡುವುದಕ್ಕೆ ಮುಂಚೆಯೇ ಉಪಕಾರ ಸ್ಮರಣೆ! ಡೇನಿಷ್ ಮತ್ತು ಇಂಗ್ಲಿಷ್ ಒಂದೇ ಕುಟುಂಬದ ಭಾಷೆಗಳು. ಮನೆಗೆ ಇಂಗ್ಲಿಷಿನಲ್ಲಿ ‘ಹೌಸ್’, ಡೇನಿಷ್‌ನಲ್ಲಿ ‘ಹೂಸ್’. ಅಷ್ಟು ಹತ್ತಿರದ ನೆಂಟರಿದ್ದೂ ಪದಕ್ಕೆ ಪದ ಇಟ್ಟರೆ ಎಡವುವುದು ತಪ್ಪದು. ಇಂಗ್ಲಿಷಿನ ‘ಗಿಫ್ಟ್’ ಉಡುಗೊರೆ. ಅದೇ ಅಕ್ಷರಗಳ ಡೇನಿಷ್ ಪದಕ್ಕೆ ‘ಮದುವೆಯಾದ’ ಎಂದೂ ಅರ್ಥ, ‘ವಿಷ’ ಎಂದೂ ಅರ್ಥ. ನೆಂಟರ ನಡುವೆಯೇ ಹೀಗಾದರೆ, ಯಾವ ನೆಂಟಸ್ತಿಕೆಯೂ ಇಲ್ಲದ ಕನ್ನಡ ಮತ್ತು ಇಂಗ್ಲಿಷ್ ನಡುವೆ ಓಡಾಡುವ ಮಗುವಿನ ಕಷ್ಟವನ್ನು ಊಹಿಸಬಹುದು.

‘ಹ್ಯಾವ್’ ಎಂಬ ಬಹುರೂಪಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ಪದ್ಧತಿ 2007ರಲ್ಲಿ ಬಂತು. 2019ರಲ್ಲಿ ಆಯ್ದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಹಳ್ಳಿಯ ಮನೆಗಳಲ್ಲಿ ಇಂದು ಇಂಗ್ಲಿಷ್ ಪುಸ್ತಕವಿದೆ, ಅದರ ಪಕ್ಕದಲ್ಲಿ ಗೈಡೂ ಇದೆ. ಗೈಡಿನಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ. ಮಗು ಆ ಜೋಡಿಗಳನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತದೆ. ಪಾಲಕರಿಗೂ ಸಮಾಧಾನ: ‘ಐನೂರು ಪದ ಬಾಯಿಪಾಠ ಆಗ್ಯಾವ!’

ತೊಂದರೆ ಶುರುವಾಗುವುದು ಪದಗಳು ವಾಕ್ಯದಲ್ಲಿ ಕೂತಾಗ. ‘ಹ್ಯಾವ್’ ಎಂಬ ಪದವನ್ನೇ ನೋಡಿ. ಗೈಡಿನಲ್ಲಿ ಅದಕ್ಕೆ ‘ಹೊಂದು’ ಎಂಬ ಅರ್ಥ. ಅದನ್ನೇ ನಂಬಿದ ವಿದ್ಯಾರ್ಥಿ ‘ಐ ಹ್ಯಾವ್ ಫೀವರ್’ ಎಂಬುದನ್ನು ‘ನಾನು ಜ್ವರವನ್ನು ಹೊಂದಿದ್ದೇನೆ’ ಎಂದು ಬರೆಯುತ್ತಾನೆ. ಅದೇ ಹುಡುಗ ಮೈ ಕಾದಾಗ ತಾಯಿಗೆ ಹೇಳುವುದು ‘ಯವ್ವಾ, ನನಗ ಜ್ವರ ಬಂದದ’ ಎಂದು. ‘ಐ ಹ್ಯಾವ್ ಎ ಪೆನ್’ ಎಂದರೆ ‘ನನ್ನ ಬಲ್ಲಿ ಪೆನ್ನು ಅದ’. ‘ಐ ಹ್ಯಾವ್ ಟೂ ಬ್ರದರ್ಸ್’ ಎಂದರೆ ‘ನನಗ ಇಬ್ಬರು ಅಣ್ಣತಮ್ಮರು ಇದ್ದಾರ’. ‘ಐ ಹ್ಯಾವ್ ಟು ಗೋ’ ಎಂದರೆ ‘ನಾ ಹೋಗಬೇಕು’. ‘ಐ ಹ್ಯಾಡ್ ಟೀ’ ಎಂದರೆ ‘ಚಹಾ ಕುಡಿದೆ’. ಒಂದೇ ‘ಹ್ಯಾವ್’ಗೆ ಐದು ವೇಷ. ಈ ಐದನ್ನೂ ಹುಡುಗ ದಿನಾ ಬೆಳಗಾದರೆ ಬಾಯಿಂದ ಆಡುತ್ತಾನೆ. ಆದರೆ ತಾನು ಆಡುವ ಮಾತಿಗೂ ಪುಸ್ತಕದ ವಾಕ್ಯಕ್ಕೂ ಸಂಬಂಧವಿದೆ ಎಂದು ಅವನಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ.

ಎದುರು ದಿಕ್ಕಿನಲ್ಲಿಯೂ ಇದೇ ಕತೆ. ‘ಲೈಟ್ ಬಂದ್ ಮಾಡು’ ಎಂದು ಮನೆಯಲ್ಲಿ ಕೇಳಿದ ಹುಡುಗಿ ಇಂಗ್ಲಿಷಿನಲ್ಲಿ ‘ಕ್ಲೋಸ್ ದ ಲೈಟ್’ ಎನ್ನುತ್ತಾಳೆ. ಇಂಗ್ಲಿಷಿನಲ್ಲಿ ಬಾಗಿಲನ್ನು ಕ್ಲೋಸ್ ಮಾಡುತ್ತಾರೆ, ದೀಪವನ್ನು ಸ್ವಿಚ್ ಆಫ್ ಮಾಡುತ್ತಾರೆ. ‘ಪರೀಕ್ಷಾ ಕೊಟ್ಟೀನಿ’ ಎನ್ನುವ ಹುಡುಗ ‘ಐ ಗೇವ್ ದ ಎಗ್ಸಾಮ್’ ಎಂದು ಬರೆಯುತ್ತಾನೆ. ಇಂಗ್ಲಿಷರ ಲೆಕ್ಕದಲ್ಲಿ ಪರೀಕ್ಷೆ ಕೊಡುವವರು ಮಾಸ್ತರರು, ತೆಗೆದುಕೊಳ್ಳುವವನು ವಿದ್ಯಾರ್ಥಿ. ಹಾಗೆಂದು ‘ಟೇಕ್’ ಎಂಬುದನ್ನು ಕಂಡು ‘ಅವನು ಪರೀಕ್ಷೆಯನ್ನು ತೆಗೆದುಕೊಂಡನು’ ಎಂದು ಕನ್ನಡದಲ್ಲಿ ಬರೆದರೆ ಅದೂ ಕನ್ನಡವಾಗುವುದಿಲ್ಲ.

ಕೆಲವು ಕಡೆ ಕನ್ನಡದ ಕೈಯೇ ಮೇಲು. ‘ನೀನು ನಿಮ್ಮ ತಂದೆಗೆ ಎಷ್ಟನೆಯ ಮಗ?’ ಎಂಬ ಸರಳ ಪ್ರಶ್ನೆಯ ‘ಎಷ್ಟನೆಯ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬಳಕೆಯ ಒಂದು ಪದವಿಲ್ಲ. ಸುತ್ತಿ ಬಳಸಿ ಕೇಳಬೇಕು. ಮಕ್ಕಳಿಗೆ ಇದನ್ನು ಹೇಳಿ ನೋಡಿ. ಇಂಗ್ಲಿಷಿನ ಬಗೆಗಿನ ಅರ್ಧ ಭಯ ಅಲ್ಲಿಯೇ ಇಳಿದೀತು.

ಅಂಕಲ್ ಯಾರು?

ನೆಂಟಸ್ತಿಕೆಯ ಪದಗಳ ವಿಷಯ ಇನ್ನೂ ಸ್ವಾರಸ್ಯದ್ದು. ಇಂಗ್ಲಿಷಿನ ‘ಅಂಕಲ್’ ಈ ಭಾಗದ ಮನೆಗಳಲ್ಲಿ ದೊಡ್ಡಪ್ಪನಾಗಬಹುದು, ಕಾಕಾ ಆಗಬಹುದು, ಸೋದರಮಾವನಾಗಬಹುದು. ‘ಸಿಸ್ಟರ್ ಇನ್ ಲಾ’ ಎಂದರೆ ಅಣ್ಣನ ಹೆಂಡತಿ ವೈನಿಯೋ, ಗಂಡನ ತಂಗಿ ನಾದಿನಿಯೋ, ಗಂಡನ ತಮ್ಮನ ಹೆಂಡತಿ ನೆಗೆಣ್ಣಿಯೋ? ಇಂಗ್ಲಿಷ್ ಕತೆಯಲ್ಲಿ ‘ಬ್ರದರ್’ ಎಂದು ಬಂದರೆ ಅಣ್ಣನೋ ತಮ್ಮನೋ ತಿಳಿಯದೆ ಕನ್ನಡದಲ್ಲಿ ಒಂದು ಸಾಲನ್ನೂ ಮುಂದಕ್ಕೆ ಹಾಕುವಂತಿಲ್ಲ. ಕತೆಯನ್ನು ಪೂರ್ತಿ ಓದಿ, ಯಾರು ಹಿರಿಯರು ಎಂದು ಹುಡುಕಿ ಆಮೇಲೆ ಬರೆಯಬೇಕು. ಅನುವಾದವೆಂದರೆ ಮೊದಲು ಪತ್ತೇದಾರಿಕೆ, ಆಮೇಲೆ ಬರವಣಿಗೆ.

ಇಲ್ಲಿ ಡೇನಿಷ್ ಮಕ್ಕಳಿಗೂ ಕನ್ನಡದ ಮಕ್ಕಳಿಗೂ ಒಂದೇ ತೊಡಕು. ಅವರ ಭಾಷೆಯಲ್ಲಿ ‘ಫಾರ್’ ಎಂದರೆ ತಂದೆ, ‘ಮೋರ್’ ಎಂದರೆ ತಾಯಿ. ತಂದೆಯ ತಂದೆ ‘ಫಾರ್‌ಫಾರ್’, ತಾಯಿಯ ತಂದೆ ‘ಮೋರ್‌ಫಾರ್’. ಇಂಗ್ಲಿಷಿನ ‘ಗ್ರ್ಯಾಂಡ್‌ಫಾದರ್’ ಎದುರಾದಾಗ ಅವರೂ ‘ಯಾವ ಕಡೆಯ ಮುತ್ಯಾ?’ ಎಂದು ಕೇಳಲೇಬೇಕು. ಸುಮಾರು ಅರವತ್ತು ಲಕ್ಷ ಜನರ ಆ ಪುಟ್ಟ ದೇಶದಲ್ಲಿಯೂ 2014ರ ಶಾಲಾ ಸುಧಾರಣೆಯ ನಂತರ ಒಂದನೆಯ ತರಗತಿಯಿಂದ ಇಂಗ್ಲಿಷ್ ಕಲಿಸುತ್ತಾರೆ. ಆದರೆ ಅಲ್ಲಿನ ಸರ್ಕಾರಿ ಶಾಲೆಯ ಉಳಿದ ಪಾಠಗಳೆಲ್ಲ ಡೇನಿಷ್‌ನಲ್ಲಿಯೇ. ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ ಮನೆಯ ಮಾತನ್ನು ಮರೆಯಬೇಕು ಎಂದು ಅಲ್ಲಿ ಯಾರೂ ಭಾವಿಸಿಲ್ಲ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ.

ದವಾಖಾನೆಯೋ ಆಸ್ಪತ್ರೆಯೋ?

ಕಲಬುರಗಿ ಸೀಮೆಯ ಮಗುವಿಗೆ ಇನ್ನೊಂದು ಹೊರೆಯಿದೆ. ಅದು ಇಂಗ್ಲಿಷಿಗೆ ಹೋಗುವ ಮೊದಲು ಪುಸ್ತಕದ ಕನ್ನಡಕ್ಕೆ ಹೋಗಬೇಕು. ಮನೆಯಲ್ಲಿ ‘ಮಳಿ ಬರ್ಲಕತ್ತದ’, ಪುಸ್ತಕದಲ್ಲಿ ‘ಮಳೆ ಬರುತ್ತಿದೆ’, ಅದರಾಚೆ ‘ಇಟ್ ಈಸ್ ರೇನಿಂಗ್’. ಒಂದು ಮಾತಿಗೆ ಎರಡು ಜಿಗಿತ. ಚಿಂಚೋಳಿಯ ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ, ಗಡಿಯ ತೆಲುಗು ಮನೆಯ ಮಗುವಿಗೆ, ಶಹಾಬಾದಿನ ಉರ್ದು ಮನೆಯ ಮಗುವಿಗೆ ಮೂರು ಜಿಗಿತ. ಈ ಮೊದಲ ಜಿಗಿತದಲ್ಲೇ ಯಾರಾದರೂ ನಕ್ಕುಬಿಟ್ಟರೆ ಮಗು ಎರಡನೆಯದಕ್ಕೆ ಕಾಲೆತ್ತುವುದೇ ಇಲ್ಲ.

‘ದವಾಖಾನಿಗಿ ಹೋಗಿದ್ದೆ’ ಎಂದ ಹುಡುಗನನ್ನು ‘ಅದು ಕನ್ನಡವಲ್ಲ, ಆಸ್ಪತ್ರೆ ಎನ್ನು’ ಎಂದು ತಿದ್ದುವುದುಂಟು. ‘ದವಾಖಾನೆ’ ಉರ್ದುವಿನ ಮೂಲಕ ಬಂದದ್ದು ನಿಜ. ಆದರೆ ‘ಆಸ್ಪತ್ರೆ’ಯೂ ಪರದೇಶದ ‘ಹಾಸ್ಪಿಟಲ್’ ಕನ್ನಡದ ಬಾಯಲ್ಲಿ ಸವೆದು ಆದ ರೂಪವೇ. ಒಂದು ಹೈದರಾಬಾದಿನ ದಾರಿಯಿಂದ ಬಂತು, ಇನ್ನೊಂದು ಸಮುದ್ರದ ದಾರಿಯಿಂದ ಬಂತು. ತಿದ್ದುವವರು ಕುಳಿತ ‘ಕುರ್ಚಿ’ ಅರಬ್ಬಿ ಮೂಲದ್ದು, ಅವರ ಕೈಯ ‘ಕಾಗದ’ ಪಾರಸಿ ಮೂಲದ್ದು. ಅರ್ಜಿ, ವಕೀಲ, ಜಮೀನು, ಕಾರ್ಖಾನೆ ಎಲ್ಲವೂ ಹೀಗೆ ಬಂದು ನೆಲೆನಿಂತವೇ. ಪರೀಕ್ಷೆಯಲ್ಲಿ ಎಲ್ಲರಿಗೂ ತಿಳಿಯುವ ರೂಪವನ್ನು ಬರೆಯಲು ಮಕ್ಕಳು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಇದನ್ನು ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ’ ಎಂದು ಹೇಳುವುದು ಬೇರೆ, ‘ನಿನ್ನ ಮಾತೇ ತಪ್ಪು’ ಎನ್ನುವುದು ಬೇರೆ.

ಈ ವಿವೇಕವನ್ನು ಹೇಳಿಕೊಡಲು ಹೊರಗಿನವರು ಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಊರು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಗ್ರಂಥ. ನಾಡಿನ ಕಡೆಕಡೆಗೂ ಕನ್ನಡ ಬೇರೆಬೇರೆಯಾಗಿರುವುದರಿಂದ ಅದರಲ್ಲಿ ದೋಷ ಇಷ್ಟು ಎಂದು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತು ಅದರಲ್ಲಿದೆ. ಹಾಗೆಂದು ಏನು ಬೆರೆಸಿದರೂ ನಡೆದೀತು ಎಂದು ಆ ಗ್ರಂಥ ಹೇಳುವುದಿಲ್ಲ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹೊಂದಿಕೆಯಿಲ್ಲದೆ ಬೆಸೆಯುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸುವುದಕ್ಕೆ ಅದು ಹೋಲಿಸುತ್ತದೆ. ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಕೂತ ಜಾಗದಲ್ಲಿ ಹೊಂದುತ್ತದೆಯೇ ಎಂಬುದು ಮುಖ್ಯ.

ಒಂದೇ ಮನೆಯ ಮೂರು ಭೂಗೋಳ

1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಶಾಲೆ ಕಚೇರಿಗಳಲ್ಲಿ ಉರ್ದುವಿನದೇ ದರ್ಬಾರು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿ ಕೊಡಬೇಕೆಂದು, ಅದಕ್ಕೂ ಒಂದು ವರ್ಷ ಮೊದಲೇ ಭಾಷಾಂತರದ ಇಲಾಖೆಯೊಂದನ್ನು ತೆರೆದು ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತರಿಸಲಾಯಿತು. ಆ ಕಾಲದಲ್ಲಿ ಓದಿದವರಿಗೆ ಲೆಕ್ಕವೆಂದರೆ ‘ಹಿಸಾಬ್’, ಇತಿಹಾಸವೆಂದರೆ ‘ತಾರೀಖ್’, ಭೂಗೋಳವೆಂದರೆ ‘ಜುಗರಾಫಿಯಾ’. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಮೇಲೆ ಓದಿದ ಮಕ್ಕಳಿಗೆ ಅದೇ ವಿಷಯ ‘ಭೂಗೋಳ’. ಇಂದಿನ ಇಂಗ್ಲಿಷ್ ಮಾಧ್ಯಮದ ಮೊಮ್ಮಕ್ಕಳಿಗೆ ‘ಜಿಯಾಗ್ರಫಿ’.

ಹೀಗೆ ಒಂದೇ ಮನೆಯ ಮುತ್ಯಾ, ಅಪ್ಪ, ಮಗನಿಗೆ ಒಂದೇ ವಿಷಯಕ್ಕೆ ಮೂರು ಹೆಸರು. ಇದರಲ್ಲಿ ಒಂದು ತಮಾಷೆಯಿದೆ. ‘ಜುಗರಾಫಿಯಾ’ ಮತ್ತು ‘ಜಿಯಾಗ್ರಫಿ’ ಎರಡೂ ಒಂದೇ ಗ್ರೀಕ್ ಪದದ ಮಕ್ಕಳು! ಒಂದು ಅರಬ್ಬರ ಮನೆಯಲ್ಲಿ ಬೆಳೆಯಿತು, ಇನ್ನೊಂದು ಯುರೋಪಿನಲ್ಲಿ ಬೆಳೆಯಿತು. ಮುತ್ಯಾನ ಪದವನ್ನು ಹಳೆಯದೆಂದು ನಗುವ ಮೊಮ್ಮಗ ತನಗೆ ತಿಳಿಯದೆಯೇ ಅದೇ ಪದವನ್ನು ಆಡುತ್ತಿದ್ದಾನೆ. ಹೆಸರು ಎರಡು ಸಲ ಬದಲಾದರೂ ನದಿ ಹರಿಯುವ ದಿಕ್ಕು ಬದಲಾಗಲಿಲ್ಲ. ಕಲಿಯಬೇಕಾದದ್ದು ಅದನ್ನು.

ಬಂದ ಪದ, ಇದ್ದ ಪದ

ಹಾಗಾದರೆ ಇಂಗ್ಲಿಷಿನ ಎಲ್ಲ ಪದಗಳಿಗೂ ಕನ್ನಡ ಹುಡುಕಲೇಬೇಕೆ? ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಂತರೆ ಉತ್ತರ ಸಿಗುತ್ತದೆ. ಮುಂಬೈ ಕಡೆಯ ರೈಲು ದಾರಿ 1871ರಲ್ಲಿ ರಾಯಚೂರು ಮುಟ್ಟಿತು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಹಾಯ್ದು ಸಿಕಂದರಾಬಾದಿಗೆ ಹೋಗುವ ನಿಜಾಮರ ದಾರಿ 1874ರಲ್ಲಿ ತೆರೆಯಿತು. ರೈಲಿನ ಜೊತೆಯಲ್ಲಿಯೇ ಟಿಕೆಟ್, ಸಿಗ್ನಲ್, ಗಾರ್ಡ್ ಇಳಿದವು. ‘ಉಗಿಬಂಡಿ’ ಎಂದು ಪದ ಕಟ್ಟಿದವರಿದ್ದರು; ಉಗಿ ಹೋಯಿತು, ಪದವೂ ಹೋಯಿತು, ‘ರೈಲು’ ಉಳಿಯಿತು. ವಸ್ತುವಿನ ಜೊತೆ ಬಂದ ಹೆಸರನ್ನು ಜನ ಹೆಚ್ಚಾಗಿ ಹಾಗೆಯೇ ಇಟ್ಟುಕೊಳ್ಳುತ್ತಾರೆ. ಸಿಮೆಂಟಿಗೆ ಕನ್ನಡ ಪದ ಹುಡುಕುವ ಗೋಜಿಗೆ ವಾಡಿಯ ಕಾರ್ಮಿಕರು ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ಕೆಲಸ ಇಲ್ಲಿಯದಾದರೆ ಪದವೂ ಇಲ್ಲಿಯೇ ಹುಟ್ಟುತ್ತದೆ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನ ಎಂಬ ದೊಡ್ಡ ವಿದ್ಯಾಕೇಂದ್ರವಿತ್ತು. ಅಲ್ಲಿನ 1058ರ ಶಾಸನದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರ ಜೊತೆಗೆ ಆರು ಮಂದಿ ‘ಸರಸ್ವತಿ ಭಂಡಾರಿಗ’ರ ಉಲ್ಲೇಖವಿದೆ. ಅಂದರೆ ಪುಸ್ತಕ ಭಂಡಾರ ನೋಡಿಕೊಳ್ಳುವವರು, ಇಂದಿನ ಮಾತಿನಲ್ಲಿ ಲೈಬ್ರರಿಯನ್ನರು. ಚಿತ್ತಾಪುರದ ವಿದ್ಯಾರ್ಥಿಗೆ ‘ಲೈಬ್ರರಿಯನ್’ ಹೊಸ ಪದವಿರಬಹುದು, ಅವನ ಊರಿಗೆ ಆ ಕೆಲಸ ಹೊಸದಲ್ಲ.

ಇದ್ದ ಪದವನ್ನು ಬಿಟ್ಟು ಗೈಡಿನ ಹಿಂದೆ ಹೋದರೆ ಫಜೀತಿ. ಚಿಂಚೋಳಿಯ ಹೊಲಗಳಲ್ಲಿ ಬೆಳೆಯುವ ತೊಗರಿಗೆ ಇಂಗ್ಲಿಷಿನಲ್ಲಿ ‘ಪಿಜನ್ ಪೀ’ ಎಂಬ ಹೆಸರಿದೆ. ಪದಕ್ಕೆ ಪದ ಇಟ್ಟರೆ ‘ಪಾರಿವಾಳದ ಬಟಾಣಿ’! 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಲಬುರಗಿ ತೊಗರಿಬೇಳೆಯನ್ನು ದಿನಾ ಉಣ್ಣುವ ಮಗು ಪುಸ್ತಕದಲ್ಲಿ ಅದರ ಗುರುತನ್ನೇ ಹಿಡಿಯದೆ ಹೋಗಬಹುದು. ‘ಕಾರ್ನ್’ ಎಂಬುದಕ್ಕೆ ‘ಜೋಳ’ ಎಂದು ಬರೆದರೆ ಇಲ್ಲಿಯ ಮಗುವಿನ ಕಣ್ಣಿಗೆ ಬರುವುದು ರೊಟ್ಟಿಯ ಬಿಳಿಜೋಳ. ಬರೆದವರು ಹೇಳಹೊರಟದ್ದು ಗೋವಿನಜೋಳವಾಗಿರಬಹುದು.

ಶಹಾಬಾದಿಗೆ ಪರಸಿ ಹೊತ್ತಂತೆ

ನುಡಿಗಟ್ಟುಗಳಿಗೆ ಬಂದಾಗ ಪದದ ಆಸೆಯನ್ನು ಪೂರ್ತಿ ಬಿಡಬೇಕು. ಇಂಗ್ಲಿಷಿನಲ್ಲಿ ‘ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಒಯ್ದ ಹಾಗೆ’ ಎಂಬ ಮಾತಿದೆ. ನ್ಯೂಕ್ಯಾಸಲ್ ಉತ್ತರ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿಗೆ ಹೆಸರಾದ ಊರು. ಅಲ್ಲಿಗೇ ಕಲ್ಲಿದ್ದಲು ಒಯ್ಯುವುದು ದಂಡದ ಕೆಲಸ. ಆ ಊರನ್ನು ಕಾಣದ ಮಗುವಿಗೆ ಅಡಿಟಿಪ್ಪಣಿ ಕೊಟ್ಟು ವಿವರಿಸುವ ಬದಲು ‘ಶಹಾಬಾದಿಗೆ ಪರಸಿ ಹೊತ್ತಂತೆ’ ಎನ್ನಿ. ಮನೆಯ ಅಂಗಳದಲ್ಲಿ ಶಹಾಬಾದ್ ಕಲ್ಲಿನ ಮೇಲೆ ಕುಳಿತು ಓದುವ ಯಾವ ಮಗುವಿಗೂ ಟಿಪ್ಪಣಿ ಬೇಡ. ಪದ ಒಂದೂ ಹೊಂದಲಿಲ್ಲ, ಅರ್ಥ ಒಂದು ಕೂದಲೂ ಕೊಂಕಲಿಲ್ಲ.

ದಿನಬಳಕೆಯ ‘ಗುಡ್‌ಬೈ’ಯೂ ಹಾಗೆಯೇ. ಬೀಳ್ಕೊಳ್ಳುವಾಗ ಈ ಕಡೆಯವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನ್ರಿ’ ಎನ್ನುತ್ತಾರೆ. ಅದನ್ನೇ ‘ಐ ಯಾಮ್ ಕಮಿಂಗ್’ ಎಂದು ಇಂಗ್ಲಿಷಿಗೆ ತಂದು ಎದ್ದು ಹೋದರೆ ಕೇಳಿದವರು ದಾರಿ ಕಾಯುತ್ತಾ ಕೂಡಬೇಕಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶ ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. ಇದಕ್ಕೆ ಭಾಷೆಯೊಂದೇ ಕಾರಣವೆಂದು ಹೇಳಲಾಗದು. ಆದರೆ ಪ್ರಶ್ನೆಯೇ ಅರ್ಥವಾಗದೆ ಉರು ಹೊಡೆದದ್ದನ್ನು ಬರೆದು ಬರುವ ಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರಿಗಾಗಿ ಪಾಲಕರು ಮಾಡಬಹುದಾದ ಕೆಲಸ ಒಂದಿದೆ. ಅದಕ್ಕೆ ಟ್ಯೂಷನ್ ಬೇಡ, ಇಂಗ್ಲಿಷ್ ಬರಬೇಕೆಂಬ ನಿಯಮವೂ ಇಲ್ಲ.

ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಪುಟಕ್ಕೆ ಮೂರು ಮನೆ ಮಾಡಿಸಿ. ಮೊದಲ ಮನೆಯಲ್ಲಿ ಮಗು ಪಾಠದ ಒಂದು ಇಂಗ್ಲಿಷ್ ವಾಕ್ಯ ಬರೆಯಲಿ. ಬರಿಯ ಪದವಲ್ಲ, ವಾಕ್ಯ. ಆಮೇಲೆ ಮೂರು ಪ್ರಶ್ನೆ ಕೇಳಿ: ಈ ಮಾತನ್ನು ಯಾರು ಆಡಿದರು? ಯಾರಿಗೆ ಆಡಿದರು? ಯಾವಾಗ ಆಡಿದರು? ಉತ್ತರ ಸಿಕ್ಕ ಮೇಲೆ, ಅಂಥದೇ ಹೊತ್ತಿನಲ್ಲಿ ಮನೆಯಲ್ಲಿ ಏನೆನ್ನುತ್ತಾರೋ ಅದನ್ನು ಎರಡನೆಯ ಮನೆಯಲ್ಲಿ ಆಡಿದ ಹಾಗೆಯೇ ಬರೆಯಲಿ. ಕನ್ನಡವಾದರೆ ಕನ್ನಡ, ಲಂಬಾಣಿಯಾದರೆ ಲಂಬಾಣಿ, ಉರ್ದುವಾದರೆ ಉರ್ದು. ಇಲ್ಲಿ ಅಜ್ಜಿಯ ಸಹಾಯವನ್ನೂ ತೆಗೆದುಕೊಳ್ಳಬಹುದು. ಮೂರನೆಯ ಮನೆಯಲ್ಲಿ ಅದೇ ಮಾತು ಪುಸ್ತಕದ ಕನ್ನಡದಲ್ಲಿ. ಎರಡು ದಿನ ಬಿಟ್ಟು ಮೊದಲ ಮನೆಯನ್ನು ಕೈಯಿಂದ ಮುಚ್ಚಿ, ಉಳಿದೆರಡನ್ನು ನೋಡಿ ಇಂಗ್ಲಿಷ್ ವಾಕ್ಯವನ್ನು ತಿರುಗಿ ಹೇಳಲಿ. ದಿನಕ್ಕೆ ಎರಡೇ ವಾಕ್ಯ ಸಾಕು. ವರ್ಷಕ್ಕೆ ಏಳುನೂರಕ್ಕೂ ಮೇಲಾಗುತ್ತವೆ, ಒಂದೂ ಉರು ಹೊಡೆದದ್ದಲ್ಲ.

ಒಂದು ನಿಯಮವನ್ನು ಮಾತ್ರ ಮನೆಯ ಹಿರಿಯರು ಪಾಲಿಸಬೇಕು. ಎರಡನೆಯ ಮನೆಯಲ್ಲಿ ಮಗು ಏನೇ ಬರೆದರೂ ನಗಬಾರದು. ‘ಜರಾ ನೀರು ಕೊಡ್ರಿ’ ಎಂದು ಬರೆದ ಮಗು ‘ಪ್ಲೀಸ್’ನ ಅರ್ಥವನ್ನು ಪೂರ್ತಿ ತಿಳಿದುಕೊಂಡಿದೆ. ‘ದಯವಿಟ್ಟು’ ಎಂಬುದು ಮೂರನೆಯ ಮನೆಗೆ ತಾನಾಗಿಯೇ ಬರುತ್ತದೆ.